ವೇಷದೊಳಗಿನ ನಟನನ್ನು ಹುಡುಕಿ, ಆಮೇಲೆ ಗೊಂಬೆ ಕೊಳ್ಳಿ: ಸಿನಿಮಾ ಫಿಗರ್ ಸಂಗ್ರಹ ಶುರು ಮಾಡುವುದು ಹೇಗೆ?

ಸಿನಿಮಾ ಪಾತ್ರಗಳ ಫಿಗರ್, ಅಂದರೆ ಪಾತ್ರವನ್ನೇ ಹೋಲುವ ಪುಟ್ಟ ಗೊಂಬೆ ಸಂಗ್ರಹಿಸಬೇಕು ಅಂತ ಹೊರಟವರು ಮೊದಲು ಕೇಳುವುದು ಯಾವ ಕಂಪನಿಯದ್ದು ಒಳ್ಳೆಯದು, ಎಷ್ಟು ಖರ್ಚಾಗುತ್ತದೆ ಎಂದು. ಆ ಪ್ರಶ್ನೆಗಳು ಆಮೇಲೆ ಬರಲಿ. ಮೊದಲು ಒಬ್ಬ ನಟನನ್ನು ಆರಿಸಿಕೊಳ್ಳಿ. ಅದರಲ್ಲೂ ರಕ್ಕಸ, ಜಲಮಾನವ, ದೈತ್ಯ ಪ್ರಾಣಿ ಇಂಥ ವೇಷ ಹಾಕಿದ ನಟನನ್ನು. ತೆರೆಯ ಮೇಲೆ ತಮ್ಮ ಮುಖವನ್ನೇ ತೋರಿಸದವರು ಇವರು. ಪಾತ್ರವನ್ನು ಜಗತ್ತೆಲ್ಲ ಗುರುತಿಸುತ್ತದೆ, ಆಡಿದವರ ಹೆಸರು ಮಾತ್ರ ಬಹಳ ಜನರಿಗೆ ಗೊತ್ತಿಲ್ಲ.

ಕಾಸರಗೋಡಿನವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣದ ವೇಷದವರು, ಅಂದರೆ ರಕ್ಕಸ ಪಾತ್ರದವರು, ಕನ್ನಡಿ ಮುಂದೆ ಗಂಟೆಗಟ್ಟಲೆ ಕೂರುತ್ತಾರೆ. ಅಕ್ಕಿಹಿಟ್ಟು, ಸುಣ್ಣ ಕಲಸಿದ ಚಿಟ್ಟಿಯನ್ನು ಕಡ್ಡಿಯ ತುದಿಯಲ್ಲಿ ತೆಗೆದು ಒಂದೊಂದೇ ಮುಳ್ಳಾಗಿ ಮುಖದ ಮೇಲೆ ಇಡುತ್ತಾರೆ. ಮುಗಿಯುವ ಹೊತ್ತಿಗೆ ಅವರ ಸ್ವಂತ ಮುಖದ ಗುರುತೇ ಉಳಿದಿರುವುದಿಲ್ಲ. ಆದರೂ ಮರುದಿನ ಯಾರೂ ಸುಮ್ನೆ ‘ಮಹಿಷಾಸುರ ಚೆನ್ನಾಗಿತ್ತು’ ಎಂದು ಬಿಡುವುದಿಲ್ಲ, ವೇಷ ಯಾರದ್ದು ಎಂದು ಹೇಳಿಯೇ ಹೇಳುತ್ತಾರೆ. ಬಣ್ಣದ ಮಾಲಿಂಗ, ಚಂದ್ರಗಿರಿ ಅಂಬು ಇವರ ಹೆಸರುಗಳು ಉಳಿದದ್ದು ಹಾಗೆ. ಆ ಅಭ್ಯಾಸವನ್ನೇ ಸಿನಿಮಾಕ್ಕೂ ಇಟ್ಟುಕೊಳ್ಳಿ.

ಹಂತ 1: ಒಬ್ಬ ನಟನನ್ನು ಆರಿಸಿ

ಶುರು ಮಾಡುವವರಿಗೆ ನಾನು ಹೇಳುವ ಮೊದಲ ಹೆಸರು ಅಮೆರಿಕದ ಡಗ್ ಜೋನ್ಸ್. ಮೂಕಾಭಿನಯ ಕಲಿತವರು, ಉದ್ದ ಸಪೂರ ಆಳು. 2006ರ ‘ಪ್ಯಾನ್ಸ್ ಲ್ಯಾಬಿರಿಂತ್’ನಲ್ಲಿ ಇವರದು ಎರಡು ಪಾತ್ರ. ಒಂದು ಆಡಿನ ಕಾಲಿನ ಫಾನ್, ಇನ್ನೊಂದು ಅಂಗೈಯಲ್ಲಿ ಕಣ್ಣಿರುವ ಪೇಲ್ ಮ್ಯಾನ್. ಪೇಲ್ ಮ್ಯಾನ್‌ನ ಮುಖದಲ್ಲಿ ಕಣ್ಣೇ ಇಲ್ಲವಲ್ಲ, ಹಾಗಾಗಿ ಜೋನ್ಸ್ ಎದುರಿಗಿದ್ದದ್ದನ್ನು ನೋಡುತ್ತಿದ್ದದ್ದು ಮುಖವಾಡದ ಮೂಗಿನ ತೂತುಗಳಿಂದ. ಸಿನಿಮಾ ಸ್ಪ್ಯಾನಿಷ್ ಭಾಷೆಯದ್ದು. ಅವರಿಗೆ ಆ ಭಾಷೆ ಬರುತ್ತಿರಲಿಲ್ಲ. ಫಾನ್‌ನ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿ ಆಡಿದರು, ಆಮೇಲೆ ದನಿ ಬೇರೆಯವರು ಕೊಟ್ಟರು.

ಅವರದ್ದೇ ಇನ್ನೊಂದು ಪಾತ್ರ 2004ರ ‘ಹೆಲ್‌ಬಾಯ್’ನ ಏಬ್ ಸೇಪಿಯನ್, ಮೀನಿನಂಥ ಮನುಷ್ಯ. ಅದಕ್ಕೂ ದನಿ ಬೇರೆಯವರದು, ಡೇವಿಡ್ ಹೈಡ್ ಪಿಯರ್ಸ್ ಎಂಬ ನಟನದು. ಆದರೆ ಪಿಯರ್ಸ್ ತಮ್ಮ ಹೆಸರನ್ನು ತೆರೆಯ ಮೇಲೆ ಹಾಕಿಸಿಕೊಳ್ಳಲಿಲ್ಲ. ಆ ಪಾತ್ರ ಜೋನ್ಸ್ ಅವರದು ಎಂಬುದು ಅವರ ನಿಲುವು. 2008ರ ಎರಡನೇ ಭಾಗದಲ್ಲಿ ಜೋನ್ಸ್ ತಮ್ಮದೇ ದನಿಯಲ್ಲಿ ಮಾತಾಡಿದರು. ಇದು ಗೊತ್ತಿದ್ದವರು ಏಬ್‌ನ ಫಿಗರ್ ಕೈಗೆತ್ತಿಕೊಂಡಾಗ ಮೊದಲು ನೋಡುವುದು ಅದರ ಕೈಬೆರಳುಗಳನ್ನು. ಜೋನ್ಸ್ ಅಭಿನಯ ಜಾಸ್ತಿ ಇರುವುದು ಅಲ್ಲೇ.

ಬೇರೆ ಹೆಸರುಗಳೂ ಇವೆ. ‘ಲಾರ್ಡ್ ಆಫ್ ದ ರಿಂಗ್ಸ್’ನ ಗಾಲಮ್ ಪಾತ್ರದ ಆಂಡಿ ಸೆರ್ಕಿಸ್‌ಗೆ ಆ ಗಂಟಲಿನ ಸದ್ದು ಹೊಳೆದದ್ದು ತಮ್ಮ ಬೆಕ್ಕು ಕೂದಲುಂಡೆ ಕಕ್ಕುವುದನ್ನು ನೋಡಿ. 1954ರ ‘ಗಾಡ್ಜಿಲ್ಲಾ’ದೊಳಗೆ ಇದ್ದವರು ಹರುವೊ ನಕಾಜಿಮಾ. ಮೊದಲ ವೇಷದ ತೂಕ ಸುಮಾರು 100 ಕಿಲೊ. ದೊಡ್ಡ ಪ್ರಾಣಿಗಳು ಹೆಜ್ಜೆ ಹಾಕುವ ರೀತಿ ನೋಡಲು ಅವರು ಮೃಗಾಲಯಕ್ಕೆ ಹೋಗುತ್ತಿದ್ದರು. 1972ರವರೆಗೆ ಆ ಪಾತ್ರ ಮಾಡಿದರು. ‘ಸ್ಟಾರ್ ವಾರ್ಸ್’ನಲ್ಲಿ ಮೈತುಂಬ ರೋಮದ ಚ್ಯೂಬ್ಯಾಕಾ ಆದ ಪೀಟರ್ ಮೇಹ್ಯೂ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಅಟೆಂಡರ್ ಆಗಿದ್ದರು.

ಹಂತ 2: ಸಿನಿಮಾವನ್ನು ಎರಡನೇ ಸಲ ನೋಡಿ

ಮೊದಲ ಸಲ ಕತೆಗೆ. ಎರಡನೇ ಸಲ ಕತೆಯನ್ನು ಬಿಟ್ಟು ಆ ಒಂದು ಪಾತ್ರದ ಕುತ್ತಿಗೆ, ಭುಜ, ಬೆರಳು, ನಡಿಗೆ ಇಷ್ಟನ್ನೇ ನೋಡಿ. ಮೇಕಪ್ ಎಷ್ಟೇ ದಪ್ಪ ಇರಲಿ, ನಟ ಸಿಕ್ಕಿಬೀಳುವುದು ಇಲ್ಲಿ. ಮನಸ್ಸಿಗೆ ನಾಟಿದ ಒಂದು ಭಂಗಿಯಲ್ಲಿ ಸಿನಿಮಾ ನಿಲ್ಲಿಸಿ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ. ಅಂಗಡಿಯಲ್ಲಿ ಫಿಗರ್ ನೋಡುವಾಗ ಆ ಫೋಟೊ ಪಕ್ಕದಲ್ಲಿರಲಿ. ಬರೀ ಪೆಟ್ಟಿಗೆಯ ಅಂದ ನೋಡಿ ದುಡ್ಡು ಕೊಡುವುದು ತಪ್ಪುತ್ತದೆ.

ಹಂತ 3: ಅಳತೆ ನಿಶ್ಚಯಿಸಿ

ಮುಖ್ಯವಾಗಿ ಮೂರು ಅಳತೆಗಳು. ಮೂರೂಮುಕ್ಕಾಲು ಇಂಚು, ಅಂದರೆ 3.75 ಇಂಚಿನದ್ದು 1:18, ಎಂದರೆ ನಿಜವಾದ ಎತ್ತರದ ಹದಿನೆಂಟನೇ ಒಂದು ಪಾಲು. ಆರಿಂಚಿನ ಆಸುಪಾಸಿನದ್ದು 1:12. ಹನ್ನೆರಡು ಇಂಚಿನದ್ದು 1:6, ಬಟ್ಟೆ ತೊಡಿಸಿದ ದುಬಾರಿ ಜಾತಿ. ಹಾಂಗ್‌ಕಾಂಗಿನ ಹಾಟ್ ಟಾಯ್ಸ್ ಕಂಪನಿಯ ಇಂಥ ಫಿಗರ್‌ಗಳಿಗೆ ಹತ್ತಾರು ಸಾವಿರ ರೂಪಾಯಿ ಬೇಕು. 3.75 ಇಂಚನ್ನು ಜನಪ್ರಿಯ ಮಾಡಿದ್ದು ಕೆನ್ನರ್ ಕಂಪನಿಯ ಸ್ಟಾರ್ ವಾರ್ಸ್ ಫಿಗರ್‌ಗಳು. 1977ರ ಕ್ರಿಸ್‌ಮಸ್‌ಗೆ ಗೊಂಬೆ ತಯಾರಾಗದೆ ಕಂಪನಿ ಖಾಲಿ ಪೊಟ್ಟಣದೊಳಗೆ ಚೀಟಿ ಇಟ್ಟು ಮಾರಿತ್ತು, ಗೊಂಬೆ ಮನೆಗೆ ಬಂದದ್ದು 1978ರಲ್ಲಿ.

ಹೊಸಬರಿಗೆ 1:12 ಸಾಕು. ಬೆಲೆಯೂ ಕೈಗೆಟುಕುತ್ತದೆ, ಮುಖದ ವಿವರವೂ ಕಾಣುತ್ತದೆ. ಒಂದೇ ಅಳತೆಗೆ ಅಂಟಿಕೊಂಡರೆ ನಟರ ನಿಜವಾದ ಎತ್ತರ ಕಪಾಟಿನಲ್ಲೂ ಗೊತ್ತಾಗುತ್ತದೆ. ಮೇಹ್ಯೂ ಎತ್ತರ 7 ಅಡಿ 3 ಇಂಚು, ಅಂದರೆ 87 ಇಂಚು. ಹನ್ನೆರಡರಿಂದ ಭಾಗಿಸಿದರೆ ಏಳೂಕಾಲು ಇಂಚು. 1:12 ಎಂದು ಬರೆದ ಚ್ಯೂಬ್ಯಾಕಾ ಆರೇ ಇಂಚಿದ್ದರೆ ಅಳತೆ ಸರಿಯಿಲ್ಲ ಎಂದರ್ಥ. ಅಂಗಡಿಗೆ ಹೋಗುವಾಗ ಸಣ್ಣ ಟೇಪು ಜೇಬಿನಲ್ಲಿರಲಿ.

ಹಂತ 4: ಅಸಲಿಯೋ ನಕಲಿಯೋ ನೋಡಿ

ಕಾಸರಗೋಡಿನವರು ಫಿಗರ್ ಕಣ್ಣಾರೆ ನೋಡಬೇಕಾದರೆ ಮಂಗಳೂರಿನ ಮಾಲ್‌ಗಳಿಗೆ ಹೋಗುವುದೇ ಹೆಚ್ಚು. ಉಳಿದಂತೆ ಆನ್‌ಲೈನೇ ಗತಿ. ಕೈಗೆ ಸಿಕ್ಕಿದಾಗ ಹೀಗೆ ನೋಡಿ. ಮೊದಲು ಕಣ್ಣು: ಎರಡೂ ಪಾಪೆಗಳು ಒಂದೇ ಕಡೆ ನೋಡುತ್ತಿವೆಯಾ? ಬಿಳಿಯ ಮೇಲೆ ಕಪ್ಪು ಚುಕ್ಕಿ ಅಂಚು ದಾಟಿದೆಯಾ? ನಕಲಿಯಲ್ಲಿ ಮೊದಲು ಕೆಡುವುದೇ ಇದು. ಆಮೇಲೆ ತುಟಿ, ಉಗುರು, ಹಲ್ಲಿನ ಸಂದುಗಳಲ್ಲಿ ಬಣ್ಣ ಹರಡಿದೆಯೇ ನೋಡಿ. ಅಚ್ಚು ಸೇರಿದ ಗೆರೆ ಕೆನ್ನೆಯ ಮೇಲೆ ಎದ್ದು ಕಾಣಬಾರದು. ಮೊಣಕೈ ಮೆಲ್ಲಗೆ ಮಡಚಿ ಬಿಡಿ, ಬಿಟ್ಟಲ್ಲೇ ನಿಲ್ಲಬೇಕು. ಮೂಗಿಗೆ ಹಿಡಿದರೆ ಘಾಟು ವಾಸನೆ ಬಂದರೆ ವಾಪಸ್ ಇಡಿ. ಪಾದದ ಅಡಿ ಅಥವಾ ಬೆನ್ನಿನ ಮೇಲೆ ಕಂಪನಿಯ ಹೆಸರು, ವರ್ಷ ಅಚ್ಚಾಗಿರುತ್ತದೆ, ಅದು ಪೆಟ್ಟಿಗೆಯ ಮೇಲಿನದಕ್ಕೆ ಹೊಂದಬೇಕು.

ಆನ್‌ಲೈನ್ ಆದರೆ ಮಾರುವವರಿಂದ ಮುಖದ, ಪಾದದ, ಪೆಟ್ಟಿಗೆ ತಳದ ಫೋಟೊ ಕೇಳಿ. ಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲಿಗೇ ಬಿಡಿ. ವಿದೇಶದಿಂದ ತರಿಸುವವರು ಸುಂಕವನ್ನು ಮೊದಲೇ ಲೆಕ್ಕ ಹಾಕಬೇಕು. 2020ರಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಲಾಯಿತು. ಸಾಗಣೆ ವೆಚ್ಚ, ಜಿಎಸ್‌ಟಿ ಬೇರೆ. ತರಿಸುವ ದಿನದ ದರ ನೋಡಿಯೇ ಮುಂದುವರಿಯಿರಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಪೆಟ್ಟಿಗೆಯ ಮೇಲಿನ ವಯಸ್ಸಿನ ಸೂಚನೆ ಓದಿ. ಸಂಗ್ರಹಕ್ಕೆಂದೇ ಮಾಡಿದ ಎಷ್ಟೋ ಫಿಗರ್‌ಗಳು ದೊಡ್ಡವರಿಗೆ, ಅವುಗಳ ಸಣ್ಣ ಕೊಂಬು, ಕತ್ತಿ ಮಕ್ಕಳ ಬಾಯಿಗೆ ಹೋದೀತು.

ಹಂತ 5: ಮಳೆಗಾಲಕ್ಕೆ ತಯಾರಿ

ನಮ್ಮ ಊರಿನ ಸಂಗ್ರಾಹಕರಿಗೆ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ವಿದೇಶದವರು ಹೇಳಿಕೊಡುವ ಉಪಾಯಗಳು ಇಲ್ಲಿ ಅರ್ಧ ಮಾತ್ರ ನಡೆಯುತ್ತವೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಟಿ ತಿಂಗಳ ಮಳೆಯಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುವ ಊರಿನಲ್ಲಿ ಚ್ಯೂಬ್ಯಾಕಾನ ರೋಮ ಉಳಿಯುತ್ತದಾ?

ಉಳಿಸಬಹುದು. ಬಾಗಿಲಿರುವ ಗಾಜಿನ ಕಪಾಟು ಬೇಕು. ಅದನ್ನು ಹೊರಗೋಡೆಗೆ ಒರಗಿಸಬೇಡಿ, ನೀರು ಇಳಿಯುವ ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ. ಪ್ರತಿ ಅಂತಸ್ತಿನಲ್ಲೂ ಸಿಲಿಕಾ ಜೆಲ್ ಚೀಲ ಇಡಿ. ಬಣ್ಣ ಬದಲಾಗುವ ಜಾತಿಯದ್ದು ತನ್ನಿ. ನೀಲಿ ಕಾಳು ಗುಲಾಬಿ ಆದರೆ ತೇವ ತುಂಬಿದೆ ಎಂದರ್ಥ. ಅದನ್ನು ಹದವಾಗಿ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ಅಡುಗೆಯ ಪಾತ್ರೆಗೆ ಮಾತ್ರ ಅದನ್ನು ಹಾಕಬೇಡಿ. ಬಟ್ಟೆ ಕಪಾಟಿಗೆ ಹಾಕುವ ನುಸಿಗುಳಿಗೆ ಇಲ್ಲಿ ಬೇಡವೇ ಬೇಡ. ಅದರ ಆವಿ ಕೆಲವು ಜಾತಿಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಕೆಡಿಸುತ್ತದೆ.

ಬೇಸಿಗೆಯದ್ದು ಬೇರೆ ಕಾಟ. ಫಿಗರ್‌ನ ಪಿವಿಸಿ ಪ್ಲಾಸ್ಟಿಕ್ ಬಗ್ಗಲಿ ಎಂದು ಅದಕ್ಕೆ ಎಣ್ಣೆಯಂಥ ರಾಸಾಯನಿಕ ಸೇರಿಸಿರುತ್ತಾರೆ. ಸೆಕೆಗೆ, ಗಾಳಿಯಾಡದ ಪೆಟ್ಟಿಗೆಯಲ್ಲಿ ಅದು ಹೊರಗೆ ಜಿನುಗಿ ಫಿಗರ್ ಹಲಸಿನ ಮೇಣ ಸವರಿದ ಹಾಗೆ ಅಂಟಂಟಾಗುತ್ತದೆ. ಹೀಗಾದರೆ ಎಸೆಯಬೇಡಿ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರಾವಣದ ಒಂದೆರಡು ಹನಿ ಹಾಕಿ, ಹಳೇ ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಕಂಕುಳು, ಕಿವಿಯ ಹಿಂಬದಿ, ಬೆರಳ ಸಂದು ಬಿಡಬೇಡಿ. ನೆರಳಲ್ಲಿ ಒಣಗಿಸಿ. ಥಿನ್ನರ್, ಸ್ಪಿರಿಟ್, ಉಗುರಿನ ಬಣ್ಣ ತೆಗೆಯುವ ದ್ರವ ಮುಟ್ಟಿಸಿದರೆ ಅಂಟಿನ ಜೊತೆಗೆ ಬಣ್ಣವೂ ಹೋಗುತ್ತದೆ. ಬಟ್ಟೆ, ರೋಮ ಇರುವವನ್ನು ನೀರಿಗೆ ಹಾಕದೆ ಒಣ ಬ್ರಷ್‌ನಿಂದ ಧೂಳು ಹೊಡೆಯಿರಿ.

ಗಟ್ಟಿಯಾದ ಕೀಲನ್ನು ಬಲವಾಗಿ ತಿರುಗಿಸಬೇಡಿ. ಬಿಸಿನೀರಲ್ಲಿ ಒಂದು ನಿಮಿಷ ಅದ್ದಿದರೆ ಸಡಿಲವಾಗುತ್ತದೆ. ಬಾಗಿದ ಕಾಲನ್ನೂ ಬಿಸಿನೀರಲ್ಲಿ ಮೆತ್ತಗೆ ಮಾಡಿ, ನೆಟ್ಟಗೆ ಹಿಡಿದು ತಣ್ಣೀರಿಗೆ ಅದ್ದಿದರೆ ಹಾಗೆಯೇ ನಿಲ್ಲುತ್ತದೆ. ಖಾಲಿ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಬೇಡಿ, ಗೆದ್ದಲು ಬಿಡುವುದಿಲ್ಲ.

ಹಂತ 6: ನಮ್ಮ ವೇಷಗಳಿಗೂ ಜಾಗ ಕೊಡಿ

ಕಪಾಟಿನ ಒಂದು ಅಂತಸ್ತು ಊರಿನದ್ದಕ್ಕೆ ಇರಲಿ ಎಂಬುದು ನನ್ನ ಆಸೆ. ಕಾಸರಗೋಡಿನ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದ ಸೂತ್ರದ ಬೊಂಬೆಗಳನ್ನು ಒಮ್ಮೆ ನೋಡಿ ಬನ್ನಿ. ಕೆ.ವಿ. ರಮೇಶ್ ಅವರ ತಂಡ ಯಕ್ಷಗಾನದ ತೆಂಕು ಶೈಲಿಯಾದ ತೆಂಕುತಿಟ್ಟಿನ ವೇಷಗಳನ್ನೇ ಚಿಕ್ಕ ಅಳತೆಗೆ ಇಳಿಸಿದೆ. ಕಿರೀಟ, ಭುಜಕೀರ್ತಿ, ಬಣ್ಣ ಯಾವುದೂ ತಪ್ಪಿಲ್ಲ. ಚಿಕ್ಕ ಮುಖದಲ್ಲಿ ದೊಡ್ಡ ವೇಷ ಹೇಗೆ ಕೂರುತ್ತದೆ ಎಂದು ಅಲ್ಲಿ ಕಣ್ಣಾರೆ ನೋಡಿದವರಿಗೆ ಯಾವ ದೇಶದ ಫಿಗರ್ ಆದರೂ ಬೇರೆಯಾಗಿಯೇ ಕಾಣುತ್ತದೆ. 1959ರ ‘ಮಹಿಷಾಸುರ ಮರ್ದಿನಿ’ ಸಿನಿಮಾದಲ್ಲಿ ಡಾ. ರಾಜ್‌ಕುಮಾರ್ ಮಹಿಷಾಸುರ ಆಗಿದ್ದರು. ಮಣ್ಣಿನ ಕೆಲಸ ಬಲ್ಲವರಿಂದ ಅಂಥದ್ದೊಂದನ್ನು ಮಾಡಿಸಿದರೆ ಎಷ್ಟು ಚೆನ್ನ, ಅಲ್ವಾ? ಆದರೆ ಭೂತಕೋಲದ ದೈವದ ಮೊಗ (ಮುಖವಾಡ), ಅಣಿ (ಬೆನ್ನಿಗೆ ಕಟ್ಟುವ ಪ್ರಭಾವಳಿ) ಇವನ್ನು ಈ ಸಾಲಿಗೆ ತರಬೇಡಿ. ಅವು ಜನ ನಂಬಿ ಕೈಮುಗಿಯುವಂಥವು.

ಹಂತ 7: ಹೆಸರಿನ ಕಾರ್ಡ್ ಬರೆಯಿರಿ

ಪ್ರತಿ ಫಿಗರ್‌ನ ಪಾದದ ಬಳಿ ಸಣ್ಣ ಕಾರ್ಡ್ ಇರಲಿ. ಪಾತ್ರ, ನಟ, ಸಿನಿಮಾ, ವರ್ಷ, ವೇಷ ರೂಪಿಸಿದವರು, ಇಷ್ಟು ಸಾಕು. ಕನ್ನಡದಲ್ಲೇ ಬರೆಯಿರಿ. ನಟನ ಹೆಸರು ಪಾತ್ರದ ಹೆಸರಿಗಿಂತ ದೊಡ್ಡದಾಗಿರಲಿ. ಉದಾಹರಣೆಗೆ 1979ರ ‘ಏಲಿಯನ್’ ಫಿಗರ್‌ಗೆ ಹೀಗೆ: ‘ಬೊಲಾಜಿ ಬಡೆಜೊ. ನೈಜೀರಿಯಾದವರು, ಲಂಡನ್ನಿನಲ್ಲಿ ಕಲಾ ವಿದ್ಯಾರ್ಥಿ. ಎತ್ತರ ಏಳಡಿಯ ಹತ್ತಿರ. ನಟಿಸಿದ್ದು ಇದೊಂದೇ ಸಿನಿಮಾ. ವಿನ್ಯಾಸ: ಎಚ್.ಆರ್. ಗೀಗರ್.’

ಕಾರ್ಡಿನ ಹಿಂಬದಿಯಲ್ಲಿ ಕೊಂಡ ತಾರೀಕು, ಬೆಲೆ, ಯಾರಿಂದ ಕೊಂಡದ್ದು ಎಂದು ಬರೆದಿಡಿ. ಬಿಲ್ಲಿನ ಶಾಯಿ ಬೇಗ ಮಾಸುತ್ತದೆ, ಅದರದ್ದೊಂದು ಫೋಟೊ ಮೊಬೈಲ್‌ನಲ್ಲಿರಲಿ. ಮುಂದೆ ಯಾರಿಗಾದರೂ ಮಾರುವಾಗ, ಬದಲಾಯಿಸಿಕೊಳ್ಳುವಾಗ ಮೊದಲು ಕೇಳುವುದು ಅದನ್ನೇ.