ಅಡಿಕೆ ಹಾಳೆಯಲ್ಲಿ ಅಣಬೆ ಎಳೆ ಓಡಿಸಿದ ನನ್ನ ಅನುಭವ

"ಹಾಳೆಯಲ್ಲಿ ಎಂತ ಅಣಬೆ ಮಾರಾಯ್ರೆ, ಬೈಹುಲ್ಲೇ ಬೇಕು" ಎಂದವರೇ ಈಗ ನನ್ನ ಶೆಡ್ಡಿಗೆ ಬಂದು ಅಣಬೆ ಬೆಳೆಸುವ ಬ್ಯಾಗ್ ಮುಟ್ಟಿ ನೋಡುತ್ತಿದ್ದಾರೆ. ಹಾಳೆ ಅಂದರೆ ಅಡಿಕೆ ಸೋಗೆಯ ಬುಡದ ಅಗಲ ಪೊರೆ. ಅಡಿಕೆ ತೋಟದ ಕಸದಲ್ಲಿ ಚಿಪ್ಪಣಬೆ (ಆಯ್ಸ್ಟರ್ ಅಣಬೆ) ಬರುತ್ತದೆ ಎಂದು ವಿಟ್ಲದ ಸಿಪಿಸಿಆರ್‌ಐಯವರು (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಹೇಳಿ ವರ್ಷಗಳೇ ಆದವು. ನಮ್ಮ ಹಿರಿಯಡ್ಕ ಕಡೆಯವರಿಗೆ ಮಾತ್ರ ನಂಬಿಕೆ ಇರಲಿಲ್ಲ.

ನಾನು ಹಾಳೆ ಹಿಡಿದದ್ದು ದುಡ್ಡಿನ ಲೆಕ್ಕದಿಂದ. ಇಲ್ಲಿ ಗದ್ದೆ ಕಮ್ಮಿಯಾಯಿತು, ಹುಲ್ಲು ಘಟ್ಟದ ಮೇಲಿಂದ ಬರಬೇಕು. ಲಾರಿ ಬಾಡಿಗೆಯೇ ಹುಲ್ಲಿನಷ್ಟು. ತಟ್ಟೆ ಮಾಡುವವರು ಬೇಡವೆಂದ ಹರಿದ ಹಾಳೆ ತೋಟದಲ್ಲಿ ಸುಮ್ನೆ ಬಿದ್ದಿರುತ್ತದೆ.

ಮೊದಲ ಮಳೆಗಾಲ ಪೂರಾ ನಷ್ಟ. ಆಟಿ ತಿಂಗಳ ತೇವಕ್ಕೆ ಅರ್ಧಕ್ಕರ್ಧ ಬ್ಯಾಗಿಗೆ ಹಸಿರು ಬೂಷ್ಟು. ಬೀಜ (ಧಾನ್ಯದ ಕಾಳಿನ ಮೇಲೆ ಬೆಳೆಸಿದ ಅಣಬೆಯ ಎಳೆ, ಅಂದರೆ ಬಿಳಿ ನೂಲು), ಕವರ್, ಗ್ಯಾಸ್ ಸೇರಿ ಆರೇಳು ಸಾವಿರ ಹೋಯಿತು. ಬೀಜ ಕೊಟ್ಟವರು ಹಳೇ ಪ್ಯಾಕೆಟ್ ದಾಟಿಸಿದ್ದರೇನೋ ಎಂಬ ಗುಮಾನಿ ಈಗಲೂ ಇದೆ. ಉಳಿದ ಬ್ಯಾಗಿನಲ್ಲಿ ಎಳೆ ಬೀಜದ ಕಾಳಿನ ಸುತ್ತ ಬಿಳಿ ಚುಕ್ಕಿಯಾಗಿ ಕೂತಿತು, ಮುಂದೆ ಹೋಗಲಿಲ್ಲ.

ಬಿಚ್ಚಿ ನೋಡಿದರೆ ಹಾಳೆಯ ನುಣುಪು ಒಳಮೈಯಲ್ಲಿ ಎಳೆ ಹಿಡಿದೇ ಇಲ್ಲ. ಕತ್ತರಿಸಿದ ಅಂಚಿನಲ್ಲಿ ಮಾತ್ರ ನುಗ್ಗಿದೆ. ಹಾಗಾದರೆ ಅಂಚು ಜಾಸ್ತಿ ಮಾಡಬೇಕು, ಅಲ್ವಾ? ಎರಡು ಬೆರಳಗಲಕ್ಕೆ ಕತ್ತರಿಸಿದೆ, ಜಜ್ಜಿದೆ, ರಾತ್ರಿಯಿಡೀ ನೆನೆಸಿದೆ. ಬೇಯಿಸುವುದು ಹುಲ್ಲಿಗಿಂತ ಅರ್ಧ ಗಂಟೆ ಜಾಸ್ತಿ. ನೆನೆಸುವ ನೀರಿಗೆ ಒಂದು ವಸ್ತು ಹಾಕುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನದೂ ಹೊಟ್ಟೆಪಾಡು! ಹಿಂಡಿದರೆ ಹನಿ ಬೀಳಬಾರದು ಎಂಬ ಪರೀಕ್ಷೆ ಹಾಳೆಗೆ ಸಾಲದು. ಮೇಲೆ ಆರಿದಂತೆ ಕಂಡರೂ ದಪ್ಪ ಬುಡದೊಳಗೆ ನೀರು ಕೂತಿರುತ್ತದೆ. ಬುಡದ ತುಂಡು ನಾನು ಹಾಕುವುದೇ ಇಲ್ಲ.

ಈಗ ಮೂರು ವಾರಕ್ಕೆ ಬ್ಯಾಗ್ ಪೂರಾ ಬಿಳಿ. ಹುಲ್ಲಿನಲ್ಲಿ ನಾಲ್ಕೈದು ದಿನ ಬೇಗ, ಒಪ್ಪಿದೆ. ಒಂದು ಕಿಲೋ ಒಣ ಹಾಳೆಗೆ ಮೂರು ಕೊಯ್ಲು ಸೇರಿ ಸುಮಾರು 600 ಗ್ರಾಂ ಸಿಗುತ್ತದೆ. ಹುಲ್ಲಿನಲ್ಲಿ ಇನ್ನೊಂದು 100 ಗ್ರಾಂ ಬರುತ್ತಿತ್ತು. ಆದರೆ ಖರ್ಚು ಕಳೆದರೆ ಕೈಯಲ್ಲಿ ಉಳಿಯುವುದು ಹಾಳೆಯದ್ದೇ ಹೆಚ್ಚು. ಉಡುಪಿಯಲ್ಲಿ ಕಿಲೋಗೆ 250ರ ಆಸುಪಾಸು ಕೊಡುತ್ತೇನೆ.

ಅಡಿಕೆ ಸಿಪ್ಪೆಯಲ್ಲೂ ಹಾಕಿ ನೋಡಿದೆ. ಎಳೆ ಹತ್ತಿಯ ಹಾಗೆ ಹಬ್ಬಿತು, ಅಣಬೆ ಮಾತ್ರ ಬೆರಳೆಣಿಕೆಯಷ್ಟು. ತೆಂಗಿನ ನಾರಿನ ಪುಡಿ ನೀರು ಬಿಡದೆ ಹುಳಿ ವಾಸನೆ ಹೊಡೆಯಿತು. ಏಪ್ರಿಲ್ ಸೆಕೆಗೆ ಚಿಪ್ಪಣಬೆಯ ಫ್ಲೋರಿಡಾ ಜಾತಿ ಬೇಡ, ಬೂದು ಬಣ್ಣದ ಸಜೋರ್ ಕಾಜು ಜಾತಿ ತಡೆಯುತ್ತದೆ.

ಮುಗಿದ ಬ್ಯಾಗನ್ನು ಅಡಿಕೆ ಮರದ ಬುಡಕ್ಕೆ ಸುರಿಯುತ್ತೇನೆ. ಈ ಎಳೆ ಲಿಗ್ನಿನ್ (ಗಿಡಕ್ಕೆ ಗಡಸು ಕೊಡುವ ಅಂಶ) ತಿನ್ನುವ ಜಾತಿ, ಅಂಥ ಗಟ್ಟಿ ಹಾಳೆಯೂ ಕೈಯಲ್ಲೇ ಪುಡಿಯಾಗುತ್ತದೆ. ಒಂದೇ ತಲೆಬಿಸಿ, ಪಕ್ಕದ ತೋಟದವರು ಈಗ ಹರಿದ ಹಾಳೆಗೂ ರೇಟು ಹೇಳುತ್ತಿದ್ದಾರೆ.