ಶೇಂಗಾ ಕುಡಿ ಹಳದಿಯಾಯಿತೇ? ಯೂರಿಯಾ ಬೇಡ, ಎಲೆ ನೋಡಿ

ಎರೆ ಭೂಮಿಯ ಶೇಂಗಾ ಹಳದಿಯಾದರೆ ಹೆಚ್ಚಿನವರು ಯೂರಿಯಾ ಚೀಲ ಬಿಚ್ಚುತ್ತಾರೆ. ಎಷ್ಟೋ ಸಲ ಅದು ದಂಡದ ಖರ್ಚು. ಸಾರಜನಕ ಸಾಲದಿದ್ದರೆ ಬುಡದ ಹಳೆ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣ ಸಾಲದಿದ್ದರೆ ಕುಡಿ ಎಲೆ; ಹಳೆ ಎಲೆಯಲ್ಲಿರುವ ಕಬ್ಬಿಣವನ್ನು ಗಿಡ ಚಿಗುರಿಗೆ ಸಾಗಿಸಲಾರದು. ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಬಿಳಚಿಕೊಳ್ಳುತ್ತದೆ. ನರವೂ ಹಳದಿಯಾಗಿದ್ದರೆ ಗಂಧಕದ ಕೊರತೆ ಇರಬಹುದು.

ಅನುಮಾನವಿದ್ದರೆ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಲವಣ, ಫೆರಸ್ ಸಲ್ಫೇಟ್) ಕರಗಿಸಿ, ನಾಲ್ಕು ಎಲೆಗೆ ಸವರಿ, ದಾರ ಕಟ್ಟಿ ಗುರುತಿಡಿ. ವಾರದಲ್ಲಿ ಸವರಿದ ಜಾಗ ಹಸಿರಾದರೆ ಕೊರತೆ ಕಬ್ಬಿಣದ್ದೇ.

ಮಣ್ಣಿನಲ್ಲಿ ಕಬ್ಬಿಣಕ್ಕೇನೂ ಬರವಿಲ್ಲ. ಮಣ್ಣಿನ ಹುಳಿ-ಕ್ಷಾರ ತೋರಿಸುವ ರಸಸಾರ (pH) 7.5 ದಾಟಿ, ಸುಣ್ಣವೂ ಹೆಚ್ಚಿದ್ದರೆ ಅದು ಬೇರಿಗೆ ದಕ್ಕುವುದಿಲ್ಲ. ಅಂಥ ಮಣ್ಣಿಗೆ ಅನ್ನಭೇದಿ ಎರಚಿದರೆ ಅದೂ ಬೇಗನೆ ತುಕ್ಕಿನಂತಾಗಿ ಕೂರುತ್ತದೆ. ಆದ್ದರಿಂದ ಎಲೆಗೇ ಸಿಂಪಡಿಸಿ.

16 ಲೀಟರ್ ಪಂಪಿಗೆ 16 ಗ್ರಾಂ ಸಿಟ್ರಿಕ್ ಆಮ್ಲ, 80 ಗ್ರಾಂ ಅನ್ನಭೇದಿ ಬೇಕು. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮೊದಲು ಸಿಟ್ರಿಕ್ ಆಮ್ಲ, ಆಮೇಲೆ ಅನ್ನಭೇದಿ ಕರಗಿಸಿ. ಈ ಕ್ರಮ ತಪ್ಪಿದರೆ ಗಡಸು ನೀರಿನಲ್ಲಿ ದ್ರಾವಣ ಚಹಾ ಬಣ್ಣಕ್ಕೆ ತಿರುಗುತ್ತದೆ, ಮತ್ತೆ ಅದರಿಂದ ಉಪಯೋಗ ಕಡಿಮೆ. ಅಂಗಡಿಯಲ್ಲಿ ಹರಳು ತಿಳಿ ಹಸಿರಿದೆಯೇ ನೋಡಿ. ಕಂದು ಪುಡಿ ಕಟ್ಟಿದ್ದರೆ ಹಳೆಯ ಮಾಲು. ಬಿಸಿಲು ಇಳಿದ ಮೇಲೆ ಎಲೆ ಪೂರ್ತಿ ತೋಯುವಂತೆ ಸಿಂಪಡಿಸಿ. ಪ್ರಮಾಣ ಹೆಚ್ಚಿಸಿದರೆ ಎಲೆ ಸುಡುತ್ತದೆ. ಡಿಎಪಿ ಗೊಬ್ಬರದ ದ್ರಾವಣದ ಜೊತೆ ಬೆರೆಸಲೇಬೇಡಿ, ಅದರಲ್ಲಿರುವ ರಂಜಕ ಕಬ್ಬಿಣವನ್ನು ಹಿಡಿದುಬಿಡುತ್ತದೆ. ಒಮ್ಮೆ ಸಿಂಪಡಿಸಿದ ಮೇಲೂ ಹೊಸ ಚಿಗುರು ಮತ್ತೆ ಹಳದಿಯಾಗಿಯೇ ಬರಬಹುದು. ಆದ್ದರಿಂದ 8–10 ದಿನಕ್ಕೊಮ್ಮೆ, ಎರಡು ಮೂರು ಸಲ ಸಿಂಪಡಿಸಿ. ನೀರು ನಿಲ್ಲದಂತೆ ಬಸಿಗಾಲುವೆ ತೆಗೆಯಿರಿ.

ಕರಾವಳಿಯ ತಗ್ಗು ಗದ್ದೆಗಳಲ್ಲಿ ಕಾಟ ಇದಕ್ಕೆ ತದ್ವಿರುದ್ಧ. ಹುಳಿ ಮಣ್ಣಿನಲ್ಲಿ ನೀರು ನಿಂತು ಗಾಳಿ ಸಿಗದಾದಾಗ ಕಬ್ಬಿಣ ಅತಿಯಾಗಿ ಕರಗಿ ಭತ್ತಕ್ಕೆ ವಿಷವಾಗುತ್ತದೆ. ಕೆಳಗಿನ ಎಲೆಗಳ ತುದಿಯಿಂದ ಕಂದು ಚುಕ್ಕೆ ಇಳಿಯುತ್ತದೆ, ಬೇರಿಗೆ ಕೆಂಪು ಲೇಪ ಹತ್ತುತ್ತದೆ. ನೀರಿನ ಮೇಲಿನ ಬಣ್ಣಬಣ್ಣದ ಪೊರೆಯನ್ನು ಕಡ್ಡಿಯಿಂದ ಕೆದಕಿ: ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ, ಕಬ್ಬಿಣದ ಪೊರೆ ಒಡೆದು ಚೂರಾಗಿಯೇ ಉಳಿಯುತ್ತದೆ. ಇಲ್ಲಿ ಅನ್ನಭೇದಿ ಮುಟ್ಟಬೇಡಿ. ನೀರು ಬಸಿದು, ವಾರ ಹತ್ತು ದಿನ ತೇವ ಮಾತ್ರ ಉಳಿಸಿ. ಪೊಟ್ಯಾಷ್ ಕೊರತೆ ಈ ಬಾಧೆಯನ್ನು ಹೆಚ್ಚಿಸುವುದರಿಂದ ಪೊಟ್ಯಾಷ್ ಗೊಬ್ಬರ ಕೊಡುವುದನ್ನು ಬಿಡಬೇಡಿ. ಹುಳಿ ತಗ್ಗಿಸಲು ಹಾಕುವ ಸುಣ್ಣದ ಪ್ರಮಾಣವನ್ನು ಮಣ್ಣು ಪರೀಕ್ಷೆ ನೋಡಿಯೇ ಗೊತ್ತುಮಾಡಿ, ನಾಟಿಗೆ ಮುಂಚೆ ಹಾಕಿ.