ಚುನಾವಣೆಗೆ ಮುನ್ನ ಜಾಲತಾಣದ ಒಲವು–ಮುನಿಸು ಅಳೆಯುವುದು ಹೇಗೆ?

‘ನಮ್ಮ ಕೇರಿಗೆ ರಸ್ತೆ ಇಲ್ಲೆ’ ಎಂದು ಶಿರಸಿ ಸೀಮೆಯ ಹವ್ಯಕರೊಬ್ಬರು ಶಾಸಕರ ವಿಡಿಯೊ ಕೆಳಗೆ ಬರೆದರೆ ಅದು ಸ್ಪಷ್ಟವಾದ ದೂರು. ಪುಸ್ತಕದ ಕನ್ನಡವನ್ನಷ್ಟೇ ಕಲಿತ ತಂತ್ರಾಂಶಕ್ಕೆ ಅದೇ ಮಾತು ‘ರಸ್ತೆ ಇಲ್ಲಿಯೇ ಇದೆ’ ಎಂದು ಕಂಡರೆ ಆಶ್ಚರ್ಯವಿಲ್ಲ. ಹವಿಗನ್ನಡದಲ್ಲಿ ‘ಇಲ್ಲೆ’ ಎಂದರೆ ‘ಇಲ್ಲ’ ಎಂಬುದನ್ನು ಅದಕ್ಕೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಚುನಾವಣೆ ಹತ್ತಿರವಾದಂತೆ ‘ಜಾಲತಾಣದಲ್ಲಿ ಇಂಥ ನಾಯಕರ ಪರ ಶೇಕಡಾ ಇಷ್ಟು ಒಲವು’ ಎಂಬ ಚಿತ್ರಪಟಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಅಂಥ ಅಂಕಿಯನ್ನು ಇಬ್ಬರು ಆಸಕ್ತರು, ಒಂದು ಲ್ಯಾಪ್‌ಟಾಪ್ ಮತ್ತು ಒಂದು ಎಕ್ಸೆಲ್ ಹಾಳೆಯ ನೆರವಿನಿಂದ ನಾವೇ ತಯಾರಿಸಲು ಸಾಧ್ಯವಿದೆ. ಈ ಕೆಲಸದ ಮುಕ್ಕಾಲು ಪಾಲು ಯಂತ್ರದ್ದಲ್ಲ, ಕೂತು ಓದುವುದೇ ಆಗಿದೆ ಎಂಬುದನ್ನು ಮಾತ್ರ ಮೊದಲೇ ತಿಳಿದಿರಬೇಕು.

ಏನನ್ನು ಅಳೆಯುತ್ತೇವೆ?

ಮೊದಲ ಹೆಜ್ಜೆಯಾಗಿ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಬೇಕು. ‘ಯಾರು ಗೆಲ್ಲುತ್ತಾರೆ?’ ಎಂಬುದು ಈ ವಿಧಾನಕ್ಕೆ ಸಲ್ಲುವ ಪ್ರಶ್ನೆಯಲ್ಲ. ‘ಮುಂದಿನ ಆರು ವಾರಗಳಲ್ಲಿ ಈ ಮೂವರು ನಾಯಕರ ಬಗ್ಗೆ, ನಾವು ಆಯ್ದ ಪುಟಗಳಲ್ಲಿ ಮಾತಾಡುವವರ ಧಾಟಿ ವಾರದಿಂದ ವಾರಕ್ಕೆ ಹೇಗೆ ಬದಲಾಗುತ್ತದೆ ಮತ್ತು ಯಾವ ವಿಷಯಕ್ಕೆ ಬದಲಾಗುತ್ತದೆ?’ ಎಂಬುದು ಸಲ್ಲುವ ಪ್ರಶ್ನೆ. ಈ ವ್ಯತ್ಯಾಸವನ್ನು ಕಡೆಗಣಿಸಿ ಎಡವಿದ ದೊಡ್ಡವರು ಇದ್ದಾರೆ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಚೀಟಿಯ ಮಾದರಿ ಕಳುಹಿಸಿ, ಮರಳಿ ಬಂದ 20 ಲಕ್ಷಕ್ಕೂ ಹೆಚ್ಚು ಚೀಟಿಗಳನ್ನು ಎಣಿಸಿ, ಅಭ್ಯರ್ಥಿ ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ಗೆದ್ದವರು ರೂಸ್‌ವೆಲ್ಟ್, ಅದೂ ಭಾರೀ ಅಂತರದಿಂದ. 2009ರ ಜರ್ಮನಿಯ ಚುನಾವಣೆಯ ಕುರಿತು ಟ್ವಿಟರ್‌ನ ಒಂದು ಲಕ್ಷಕ್ಕೂ ಹೆಚ್ಚು ಸಂದೇಶಗಳನ್ನು ಎಣಿಸಿದ ಸಂಶೋಧಕರು ಪಕ್ಷಗಳ ಉಲ್ಲೇಖದ ಪ್ರಮಾಣ ಮತಪ್ರಮಾಣಕ್ಕೆ ಹತ್ತಿರವಿದೆ ಎಂದರು. ಅವರು ಲೆಕ್ಕಕ್ಕೆ ಹಿಡಿಯದ ಪೈರೇಟ್ ಪಕ್ಷವನ್ನೂ ಸೇರಿಸಿದರೆ ಅದೇ ಎಲ್ಲರಿಗಿಂತ ಮುಂದಿರುತ್ತದೆ ಎಂದು ಬೇರೆ ಸಂಶೋಧಕರು ನಂತರ ತೋರಿಸಿಕೊಟ್ಟರು. ಆ ಪಕ್ಷಕ್ಕೆ ಸಂಸತ್ತಿನಲ್ಲಿ ಒಂದು ಸ್ಥಾನವೂ ಸಿಕ್ಕಿರಲಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಲೋಕಸಭಾ ಕ್ಷೇತ್ರವನ್ನೇ ತೆಗೆದುಕೊಳ್ಳಿ. ಅದರ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಖಾನಾಪುರ ಮತ್ತು ಕಿತ್ತೂರು ಬೆಳಗಾವಿ ಜಿಲ್ಲೆಗೆ ಸೇರಿವೆ. ‘ಉತ್ತರ ಕನ್ನಡ’ ಎಂಬ ಹೆಸರಿನ ಪುಟಗಳನ್ನಷ್ಟೇ ನೋಡಿದರೆ ಈ ಎರಡು ಕ್ಷೇತ್ರಗಳ ಮಾತು ಬಿಟ್ಟೇಹೋಗುತ್ತದೆ. ಜೋಯಿಡಾ, ಸಿದ್ದಾಪುರದ ಒಳಭಾಗದಲ್ಲಿ ನೆಟ್‌ವರ್ಕ್ ಸಿಗದ ಊರುಗಳಿವೆ. ಬೆಂಗಳೂರಿನಲ್ಲೋ ಕೊಲ್ಲಿ ದೇಶದಲ್ಲೋ ಇದ್ದುಕೊಂಡು ಊರಿನ ರಾಜಕಾರಣದ ಬಗ್ಗೆ ದಿನಕ್ಕೆ ಹತ್ತು ಕಾಮೆಂಟು ಹಾಕುವವರೂ ಇದ್ದಾರೆ. ಮತ ಹಾಕುವ ಅಜ್ಜಿಗೆ ಖಾತೆ ಇಲ್ಲ, ಖಾತೆ ಇರುವ ಮೊಮ್ಮಗನ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲಿಲ್ಲ.

ಹೆಸರುಗಳ ಪಟ್ಟಿ

ಎರಡನೆಯ ಹೆಜ್ಜೆ ಹುಡುಕುಪದಗಳ ಪಟ್ಟಿ. ಇದು ಸಣ್ಣ ಕೆಲಸದಂತೆ ಕಂಡರೂ ಹೆಚ್ಚಿನ ತಪ್ಪುಗಳು ಹುಟ್ಟುವುದು ಇಲ್ಲಿಯೇ. ‘ಹೆಗಡೆ’ ಎಂದು ಹುಡುಕಿದರೆ ಆರು ಬಾರಿ ಸಂಸದರಾಗಿದ್ದ ಅನಂತಕುಮಾರ ಹೆಗಡೆ, 2024ರಲ್ಲಿ ಸಂಸದರಾದ ವಿಶ್ವೇಶ್ವರ ಹೆಗಡೆ ಕಾಗೇರಿ, ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಎಲ್ಲರೂ ಒಂದೇ ಬುಟ್ಟಿಗೆ ಬೀಳುತ್ತಾರೆ, ಜೊತೆಗೆ ಯಕ್ಷಗಾನ ಕಲಾವಿದರೂ ಅಡಿಕೆ ವ್ಯಾಪಾರಿಗಳೂ ಬರುತ್ತಾರೆ. ‘ನಾಯಕ’ ಎಂಬ ಪದವಂತೂ ಅಂಕೋಲೆಯಲ್ಲಿ ಅಡ್ಡಹೆಸರು, ಪತ್ರಿಕೆಯಲ್ಲಿ ಮುಂದಾಳು, ಚಿತ್ರರಂಗದಲ್ಲಿ ಹೀರೊ. ಆದ್ದರಿಂದ ಪ್ರತಿ ನಾಯಕರಿಗೂ ಪೂರ್ಣ ಹೆಸರು, ಊರಿನ ಹೆಸರು, ಜನ ಕರೆಯುವ ಚಿಕ್ಕ ಹೆಸರು, ವಿರೋಧಿಗಳು ಇಟ್ಟ ಅಡ್ಡಹೆಸರು ಮತ್ತು ಇವೆಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ನಾಲ್ಕೈದು ಬಗೆಗಳನ್ನು ಪಟ್ಟಿ ಮಾಡಬೇಕು. ವಿರೋಧಿಗಳ ಅಡ್ಡಹೆಸರನ್ನು ಮುಜುಗರದಿಂದ ಕೈಬಿಟ್ಟರೆ ಮುನಿಸಿನ ಒಂದು ದೊಡ್ಡ ಪಾಲು ಲೆಕ್ಕದಿಂದ ಹೊರಗುಳಿಯುತ್ತದೆ.

ಊರಿನ ಹೆಸರಿಗೂ ಇದೇ ಎಚ್ಚರ ಬೇಕು. 2022ರ ಜುಲೈಯಲ್ಲಿ ಆಂಬುಲೆನ್ಸ್ ಪಲ್ಟಿಯಾಗಿ ಸಾವು ಸಂಭವಿಸಿ, ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಜಾಲತಾಣದಲ್ಲಿ ಎದ್ದದ್ದು ಉಡುಪಿ ಜಿಲ್ಲೆಯ ಶಿರೂರಿನ ಟೋಲ್ ಗೇಟಿನ ಘಟನೆಯಿಂದ. 2024ರ ಜುಲೈ 16ರಂದು ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋದದ್ದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ. ‘ಶಿರೂರು’ ಎಂಬ ಒಂದೇ ಪದ ಆಸ್ಪತ್ರೆಯ ಸಿಟ್ಟನ್ನೂ ಹೆದ್ದಾರಿ ಕಾಮಗಾರಿಯ ಸಿಟ್ಟನ್ನೂ ಹೊತ್ತು ತರುತ್ತದೆ, ಮತ್ತು ಈ ಎರಡು ಸಿಟ್ಟುಗಳು ಒಬ್ಬರ ಮೇಲೆಯೇ ಇರಬೇಕೆಂದಿಲ್ಲ.

ಎಲ್ಲಿಂದ, ಹೇಗೆ ತರುವುದು?

ಹಿಂದಿನಷ್ಟು ಸಲೀಸಾಗಿ ಈಗ ಮಾಹಿತಿ ಸಿಗುವುದಿಲ್ಲ. ಟ್ವಿಟರ್ 2023ರಿಂದ ಸಂಶೋಧಕರಿಗಿದ್ದ ಉಚಿತ ಪ್ರವೇಶವನ್ನು ನಿಲ್ಲಿಸಿತು. ಫೇಸ್‌ಬುಕ್ ಪುಟಗಳನ್ನು ಗಮನಿಸಲು ಪತ್ರಕರ್ತರು ಬಳಸುತ್ತಿದ್ದ ಕ್ರೌಡ್‌ಟ್ಯಾಂಗಲ್ ಸಲಕರಣೆಯನ್ನು ಮೆಟಾ ಕಂಪನಿ 2024ರ ಆಗಸ್ಟ್‌ನಲ್ಲಿ ಮುಚ್ಚಿತು. ಸಣ್ಣ ತಂಡಕ್ಕೆ ಉಳಿದಿರುವ ಒಳ್ಳೆಯ ದಾರಿ ಯೂಟ್ಯೂಬ್. ಸ್ಥಳೀಯ ಸುದ್ದಿ ವಾಹಿನಿಗಳ ವಿಡಿಯೊಗಳ ಕೆಳಗಿನ ಕಾಮೆಂಟುಗಳನ್ನು ಅದರ ಅಧಿಕೃತ ಎಪಿಐ (ತಂತ್ರಾಂಶಗಳು ನೇರವಾಗಿ ಮಾಹಿತಿ ಕೇಳಿ ಪಡೆಯುವ ದ್ವಾರ) ಮೂಲಕ ಇಳಿಸಿಕೊಳ್ಳಬಹುದು. ಸಾಮಾನ್ಯ ಖಾತೆಗೆ ದಿನಕ್ಕೆ 10,000 ಯೂನಿಟ್‌ಗಳ ಮಿತಿಯಿದ್ದು, ಒಮ್ಮೆಗೆ 100 ಕಾಮೆಂಟುಗಳನ್ನು ತರಿಸಲು ಒಂದು ಯೂನಿಟ್ ಮಾತ್ರ ಖರ್ಚಾಗುವುದರಿಂದ ಜಿಲ್ಲಾಮಟ್ಟದ ಕೆಲಸಕ್ಕೆ ಅದು ಧಾರಾಳ. ಪ್ರೋಗ್ರಾಮಿಂಗ್ ಬಾರದವರು ದಿನವೂ ನಿಗದಿತ ಹೊತ್ತಿನಲ್ಲಿ, ಆಯ್ದ ಇಪ್ಪತ್ತು ಪುಟಗಳ ಹೊಸ ಪೋಸ್ಟಿನ ಮೊದಲ ಮೂವತ್ತು ಕಾಮೆಂಟುಗಳನ್ನು ಕೈಯಿಂದಲೇ ಹಾಳೆಗೆ ಇಳಿಸಿಕೊಳ್ಳಬಹುದು. ಕಾಮೆಂಟುಗಳನ್ನು ಹೊಸದರಿಂದ ಹಳೆಯದಕ್ಕೆ ಜೋಡಿಸಿಕೊಂಡೇ ಇಳಿಸಬೇಕು. ‘ಜನಪ್ರಿಯ’ ಕ್ರಮದಲ್ಲಿ ನೋಡಿದರೆ ಜಾಲತಾಣವೇ ಆರಿಸಿಕೊಟ್ಟದ್ದನ್ನು ನಾವು ಅಳೆದಂತಾಗುತ್ತದೆ.

ಪುಟಗಳನ್ನು ಆರಿಸುವಾಗ ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ, ಹಳಿಯಾಳ ಹೀಗೆ ಘಟ್ಟದ ಮೇಲಿನದೂ ಕೆಳಗಿನದೂ ಬೇರೆ ಬೇರೆ ಕಟ್ಟಾಗಿರಲಿ. ಬೇಡ್ತಿ–ವರದಾ ನದಿ ಜೋಡಣೆಯ ವಿಚಾರ ಶಿರಸಿ, ಯಲ್ಲಾಪುರದಲ್ಲಿ ಎಬ್ಬಿಸುವ ಬಿಸಿಯನ್ನು ಕಾರವಾರದಲ್ಲಿ ಎಬ್ಬಿಸುವುದಿಲ್ಲ. ಬಂದರು ವಿಸ್ತರಣೆಯ ವಿಷಯಕ್ಕೆ ಮೀನುಗಾರರು ತೋರುವ ಸಿಟ್ಟು ಅಡಿಕೆ ತೋಟದವರ ಪುಟದಲ್ಲಿ ಹುಡುಕಿದರೂ ಸಿಗದು. ಎಲ್ಲವನ್ನೂ ಕಲಸಿ ಒಂದು ಸರಾಸರಿ ತೆಗೆದರೆ ಅದು ಯಾವ ಊರಿನದೂ ಆಗಿರುವುದಿಲ್ಲ.

ವಾಟ್ಸ್‌ಆ್ಯಪ್ ಗುಂಪುಗಳನ್ನು ಮುಟ್ಟಬಾರದು. ನಿಜವಾದ ಚರ್ಚೆ ಅಲ್ಲಿಯೇ ನಡೆಯುತ್ತದೆ ಎಂಬುದು ನಿಜವಾದರೂ, ಅದು ನಾಲ್ಕು ಗೋಡೆಯೊಳಗಿನ ಮಾತು.

ಓದಿ ಗುರುತು ಹಾಕುವುದು

ಇಳಿಸಿಕೊಂಡ ಕಾಮೆಂಟುಗಳಲ್ಲಿ ಅಕ್ಷರಶಃ ಒಂದೇ ಆಗಿರುವವನ್ನು ಮೊದಲು ಬೇರ್ಪಡಿಸಬೇಕು. ಒಂದೇ ವಾಕ್ಯ ಹದಿನೈದು ಖಾತೆಗಳಿಂದ ಹತ್ತು ನಿಮಿಷದೊಳಗೆ ಬಂದಿದ್ದರೆ ಅದು ಹದಿನೈದು ಜನರ ಅಭಿಪ್ರಾಯವಲ್ಲ, ಒಂದು ಪ್ರಚಾರ ತಂಡದ ಕೆಲಸವಾಗಿರುವ ಸಾಧ್ಯತೆಯೇ ಹೆಚ್ಚು. ಅವನ್ನು ಅಳಿಸಿಹಾಕದೆ ಪ್ರತ್ಯೇಕ ಹಾಳೆಯಲ್ಲಿಡಿ; ಯಾವ ದಿನ ಅಂಥವು ಏರಿದವು ಎಂಬುದೂ ಒಂದು ಮಾಹಿತಿಯೇ.

ಉಳಿದ ಪ್ರತಿ ಕಾಮೆಂಟಿಗೂ ಮೂರು ಗುರುತು ಬೇಕು: ಯಾರ ಬಗ್ಗೆ, ಯಾವ ವಿಷಯಕ್ಕೆ, ಪರವೋ ವಿರೋಧವೋ ಎರಡೂ ಅಲ್ಲವೋ. ವಿಷಯದ ಕಾಲಂ ಇಲ್ಲದಿದ್ದರೆ ಇಡೀ ಕೆಲಸ ಅರ್ಧಂಬರ್ಧವಾಗುತ್ತದೆ. ‘ಹುಬ್ಬಳ್ಳಿ–ಅಂಕೋಲಾ ರೈಲು ನಮ್ಮ ಮೊಮ್ಮಕ್ಕಳ ಕಾಲಕ್ಕಾದರೂ ಬರಲಿ’ ಎಂಬ ಮಾತು ಈಗಿನ ಒಬ್ಬ ನಾಯಕರ ಮೇಲಿನ ಕೋಪವಲ್ಲ, ದಶಕಗಳ ಬೇಸರ. ಅದನ್ನು ಆ ದಿನ ಭಾಷಣ ಮಾಡಿದವರ ಖಾತೆಗೆ ಬರೆಯುವುದು ಸರಿಯಲ್ಲ.

ವ್ಯಂಗ್ಯವನ್ನು ಹಿಡಿಯುವುದು ಇನ್ನೂ ಕಷ್ಟ. ‘ಭಾರೀ ಚೊಲೋ ಕೆಲ್ಸ ಮಾಡಿದ್ರು, ಹೊಂಡದಲ್ಲಿ ಮೀನು ಸಾಕಬಹುದು’ ಎಂಬುದರಲ್ಲಿ ಮೊದಲರ್ಧ ಹೊಗಳಿಕೆಯ ಪದಗಳಿಂದಲೇ ತುಂಬಿದೆ. ಕೈ ಮುಗಿಯುವ ಚಿಹ್ನೆ ಒಬ್ಬರಲ್ಲಿ ಗೌರವ, ಇನ್ನೊಬ್ಬರಲ್ಲಿ ‘ನಿಮ್ಮ ಸಹವಾಸ ಸಾಕು’. ಇದರ ಮೇಲೆ ಭಾಷೆಗಳ ಬೆರಕೆ ಬೇರೆ. ಕೊಂಕಣಿಯ ‘ನಾ’ ಎಂದರೆ ಇಲ್ಲ, ಆಡುಗನ್ನಡದ ‘ನಾ’ ಎಂದರೆ ನಾನು. ಕೊಂಕಣಿಯಲ್ಲಿ ಒಳ್ಳೆಯದಕ್ಕೆ ‘ಬರೆಂ’ ಎನ್ನುತ್ತಾರೆ; ಅದೇ ಸದ್ದಿನ ಕನ್ನಡದ ‘ಬರೇ’ ಎಂದರೆ ಕೇವಲ, ‘ಬರೇ ಭಾಷಣ’ ಎಂದರೆ ಬೈಗುಳಕ್ಕೆ ಸಮ. ಭಟ್ಕಳದ ಪುಟಗಳಲ್ಲಿ ನವಾಯತಿ, ಕಾರವಾರ, ಜೋಯಿಡಾ ಕಡೆ ಮರಾಠಿ ಕೂಡ ಇಣುಕುತ್ತದೆ. ಆದ್ದರಿಂದ ಓದುವ ಇಬ್ಬರಲ್ಲಿ ಒಬ್ಬರು ಕರಾವಳಿಯವರೂ ಇನ್ನೊಬ್ಬರು ಘಟ್ಟದವರೂ ಆಗಿದ್ದರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ. ಇಬ್ಬರೂ ಒಂದೇ ಪಕ್ಷದ ಅಭಿಮಾನಿಗಳಾಗಿರದಿದ್ದರೆ ಇನ್ನೂ ಒಳ್ಳೆಯದು.

ಇಬ್ಬರೂ ಒಬ್ಬರನ್ನೊಬ್ಬರು ಕೇಳದೆ ಮೊದಲ 100 ಕಾಮೆಂಟುಗಳಿಗೆ ಗುರುತು ಹಾಕಿ ಹೋಲಿಸಬೇಕು. 80 ಕಡೆ ಹೊಂದಿಕೆಯಾಯಿತೆಂದು ತಕ್ಷಣ ಬೀಗುವಂತಿಲ್ಲ, ಏಕೆಂದರೆ ಕಣ್ಣುಮುಚ್ಚಿ ಗುರುತು ಹಾಕಿದರೂ ಕೆಲವು ಹೊಂದುತ್ತವೆ. ಇಬ್ಬರೂ 40 ಪರ, 40 ವಿರೋಧ, 20 ತಟಸ್ಥ ಎಂದು ಹಾಕಿದ್ದರೆ ಆಕಸ್ಮಿಕವಾಗಿ ಹೊಂದುವ ಪಾಲು 0.36 (0.4×0.4 + 0.4×0.4 + 0.2×0.2). ನಿಜವಾದ 0.80ರಿಂದ ಇದನ್ನು ಕಳೆದು, ಉಳಿದ 0.44ನ್ನು 0.64ರಿಂದ (1ರಿಂದ 0.36 ಕಳೆದದ್ದು) ಭಾಗಿಸಿದರೆ ಸುಮಾರು 0.69 ಬರುತ್ತದೆ. ಜೇಕಬ್ ಕೋಹೆನ್ 1960ರಲ್ಲಿ ಮುಂದಿಟ್ಟ ‘ಕಪ್ಪ’ ಎಂಬ ಅಳತೆ ಇದೇ. 0.6ಕ್ಕಿಂತ ಕೆಳಗಿಳಿದರೆ ಮುಂದುವರಿಯದೆ, ಜಗಳ ಬಂದ ಕಾಮೆಂಟುಗಳನ್ನು ಎದುರಿಗಿಟ್ಟುಕೊಂಡು ನಿಯಮಗಳನ್ನು ಪುನಃ ಬರೆಯಬೇಕೆಂಬುದು ನನ್ನ ಸಲಹೆ.

ಸಾವಿರಾರು ಕಾಮೆಂಟುಗಳಾದಾಗ ಯಂತ್ರದ ನೆರವು ಬೇಕಾಗಬಹುದು. ಕನ್ನಡವನ್ನೂ ಒಳಗೊಂಡ ಮುರಿಲ್, ಇಂಡಿಕ್‌ಬರ್ಟ್‌ನಂತಹ ಭಾಷಾ ಮಾದರಿಗಳು ಉಚಿತವಾಗಿ ಸಿಗುತ್ತವೆ. ಕನ್ನಡ–ಇಂಗ್ಲಿಷ್ ಬೆರೆತ ಯೂಟ್ಯೂಬ್ ಕಾಮೆಂಟುಗಳಿಗೆ ಗುರುತು ಹಾಕಿದ, ಏಳು ಸಾವಿರದಷ್ಟು ಸಾಲುಗಳ ಸಂಗ್ರಹವನ್ನೂ ಸಂಶೋಧಕರು ಸಾರ್ವಜನಿಕಗೊಳಿಸಿದ್ದಾರೆ. ಆದರೆ ನೀವೇ ಗುರುತು ಹಾಕಿದ ಕೆಲವು ನೂರು ಸ್ಥಳೀಯ ಕಾಮೆಂಟುಗಳನ್ನು ಬಚ್ಚಿಟ್ಟು, ಅವುಗಳ ಮೇಲೆ ಯಂತ್ರವನ್ನು ಪರೀಕ್ಷಿಸದೆ ಅದರ ಮಾತನ್ನು ನಂಬಬೇಡಿ.

ಲೆಕ್ಕ

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಒಬ್ಬ ನಾಯಕರ ಬಗ್ಗೆ ಒಂದು ವಾರದಲ್ಲಿ 200 ಕಾಮೆಂಟುಗಳಿದ್ದು, 50 ಪರ, 90 ವಿರೋಧ, 60 ತಟಸ್ಥ ಎಂದಿಟ್ಟುಕೊಳ್ಳಿ. ಪರದಿಂದ ವಿರೋಧವನ್ನು ಕಳೆದು ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಋಣ 20 ಶೇಕಡಾ. ತಟಸ್ಥರನ್ನು ಬಿಟ್ಟು 140ರಿಂದ ಭಾಗಿಸಿದರೆ ಋಣ 28.6 ಶೇಕಡಾ. ಎರಡೂ ಸರಿಯೇ. ಯಾವುದನ್ನು ಬಳಸಿದಿರಿ ಎಂದು ಹೇಳದಿರುವುದು ಮಾತ್ರ ತಪ್ಪು, ಮತ್ತು ಪಕ್ಷಗಳು ಹಂಚುವ ಚಿತ್ರಪಟಗಳಲ್ಲಿ ಸಾಮಾನ್ಯವಾಗಿ ಮಾಯವಾಗಿರುವುದು ಈ ಒಂದು ಸಾಲೇ.

ಇನ್ನು ಅದೇ 90 ವಿರೋಧದ ಕಾಮೆಂಟುಗಳನ್ನು 31 ಜನ ಬರೆದಿದ್ದು, 50 ಪರವಾದವುಗಳನ್ನು 44 ಜನ ಬರೆದಿದ್ದರೆ ಚಿತ್ರವೇ ತಿರುಗಿಬಿಡುತ್ತದೆ. ಹಾಗಾಗಿ ಕಾಮೆಂಟುಗಳ ಎಣಿಕೆಯ ಪಕ್ಕದಲ್ಲಿ ಬರೆದವರ ಎಣಿಕೆಯೂ ಇರಲೇಬೇಕು. ಆದರೆ ‘ಶೇಕಡಾ ಇಷ್ಟು ಹೆಚ್ಚು–ಕಡಿಮೆ ಇರಬಹುದು’ ಎಂಬ ದೋಷದ ಅಂಚನ್ನು ನಮೂದಿಸಬೇಡಿ. ಅದು ಚೀಟಿ ಎತ್ತಿದಂತೆ ಆರಿಸಿದ ಮಾದರಿಗೆ ಸಲ್ಲುವ ಲೆಕ್ಕ, ತಾವಾಗಿಯೇ ಬಂದು ಮಾತಾಡಿದವರಿಗೆ ಸಲ್ಲುವುದಿಲ್ಲ.

ಬೆಲೆಯಿರುವುದು ಒಂದು ವಾರದ ಅಂಕಿಗಲ್ಲ, ಅದೇ ಪುಟಗಳಲ್ಲಿ ಅದೇ ನಿಯಮದಿಂದ ಪಡೆದ ಆರು ವಾರಗಳ ಸಾಲಿಗೆ. ಗೂಗಲ್ ಟ್ರೆಂಡ್ಸ್ ಅನ್ನು ಪಕ್ಕದಲ್ಲಿಟ್ಟುಕೊಳ್ಳಬಹುದು, ಆದರೆ ಅದರ 0ಯಿಂದ 100ರ ಅಂಕಿ ಹುಡುಕಾಟದ ಸಾಪೇಕ್ಷ ಪ್ರಮಾಣವೇ ಹೊರತು ಒಲವಲ್ಲ. ಹಗರಣ ಬಂದಾಗಲೂ ಜನ ಹುಡುಕುತ್ತಾರೆ.

ಪ್ರಕಟಿಸುವ ಮೊದಲು

ಬರೆದವರ ಹೆಸರು, ಖಾತೆ, ಚಿತ್ರಗಳನ್ನು ಎಣಿಕೆ ಮುಗಿದೊಡನೆ ಹಾಳೆಯಿಂದ ತೆಗೆದು ಅವುಗಳ ಬದಲಿಗೆ ಕ್ರಮಸಂಖ್ಯೆಯನ್ನು ಕೊಡಬೇಕು. ಬಳಕೆದಾರರು ತಾವೇ ಬಹಿರಂಗಪಡಿಸಿದ ಮಾಹಿತಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅನ್ವಯಿಸುವುದಿಲ್ಲವಾದರೂ, ಸಣ್ಣ ಊರಿನಲ್ಲಿ ‘ಇಂಥವರು ಹೀಗೆ ಬರೆದಿದ್ದಾರೆ’ ಎಂದು ತೋರಿಸಿಕೊಟ್ಟರೆ ಪರಿಣಾಮ ಏನಾಗಬಹುದೆಂದು ವಿವರಿಸಬೇಕಾಗಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 126ನೆಯ ಕಲಮು ಮತದಾನ ಮುಗಿಯುವುದಕ್ಕೆ ಹಿಂದಿನ 48 ತಾಸುಗಳಲ್ಲಿ ಚುನಾವಣಾ ವಿಷಯದ ಪ್ರದರ್ಶನವನ್ನು ನಿರ್ಬಂಧಿಸುತ್ತದೆ; 126ಎ ಕಲಮು ಮತಗಟ್ಟೆ ಸಮೀಕ್ಷೆಯನ್ನು (ಎಕ್ಸಿಟ್ ಪೋಲ್) ಆಯೋಗ ಸೂಚಿಸಿದ ಅವಧಿಯಲ್ಲಿ ನಿಷೇಧಿಸುತ್ತದೆ. ಕಾಮೆಂಟಿನ ಎಣಿಕೆ ಮತಗಟ್ಟೆ ಸಮೀಕ್ಷೆಯಲ್ಲ ಎಂದು ವಾದಿಸುವ ಬದಲು, ಬಹಿರಂಗ ಪ್ರಚಾರ ಮುಗಿಯುವ ಮೊದಲೇ ಕೊನೆಯ ವರದಿಯನ್ನು ಹೊರತರುವುದು ಕ್ಷೇಮ.

ವರದಿಯ ಅಡಿಯಲ್ಲಿ ಪುಟಗಳ ಪಟ್ಟಿ, ದಿನಾಂಕ, ಒಟ್ಟು ಕಾಮೆಂಟು, ಒಟ್ಟು ಬರೆದವರು, ಕಪ್ಪ ಅಂಕಿ ಮತ್ತು ಭಾಗಿಸಿದ ಸಂಖ್ಯೆ ಇಷ್ಟಿರಲಿ. ಹಾಳೆಯ ಒಂದು ಪ್ರತಿಯನ್ನು ಮತ ಎಣಿಕೆಯ ಹಿಂದಿನ ದಿನವೇ ದಿನಾಂಕ ಸಮೇತ ಬೇರೆಯವರೊಬ್ಬರ ಇಮೇಲಿಗೆ ಕಳುಹಿಸಿಬಿಡಿ. ಮತಗಟ್ಟೆವಾರು ಫಲಿತಾಂಶದ ನಮೂನೆ 20 ಹೊರಬಂದ ಬಳಿಕ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವಾಗ, ಎಲ್ಲಿ ತಪ್ಪಿದೆವೆಂದು ಹುಡುಕಲು ತಿದ್ದದ ಆ ಪ್ರತಿಯೇ ಬೇಕಾಗುತ್ತದೆ.